ಮಸಿ ಯಾರ ಹೆಸರಿನ ಮೇಲೆ?

ಕೇರಳ ಸರ್ಕಾರದ ಬೀರುವಿನಲ್ಲಿ ಒಂದು ವರದಿ ನಾಲ್ಕು ವರ್ಷ ಏಳು ತಿಂಗಳು ಮಲಗಿತ್ತು. 2019ರ ಡಿಸೆಂಬರ್ 31ರಂದು ಅದನ್ನು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರ ಕೈಗೆ ಕೊಟ್ಟರು. ಜನರ ಕೈಗೆ ಬಂದದ್ದು 2024ರ ಆಗಸ್ಟ್ 19ರಂದು. ನಡುವೆ ಕೊರೋನಾ ಬಂತು, ಹೋಯಿತು. ಚುನಾವಣೆಗಳು ಬಂದವು, ಹೋದವು. ವರದಿ ಯಾರ ದರ್ಬಾರಿನ ಬಗ್ಗೆ ಬರೆದಿತ್ತೋ ಅವರ ದರ್ಬಾರು ನಡೆಯುತ್ತಲೇ ಇತ್ತು. ಸಮಿತಿಯ ಮುಂದೆ ಬಾಯಿಬಿಟ್ಟ ಹೆಣ್ಣುಮಕ್ಕಳು ಮಾತ್ರ ಏನಾಯಿತು, ಏನಾಯಿತು ಎಂದು ಕಾಯುತ್ತಲೇ ಇದ್ದರು.

ಇದು ಹೇಮಾ ಸಮಿತಿಯ ವರದಿ. ಮಲಯಾಳಂ ಸಿನಿಮಾದಲ್ಲಿ ಹೆಣ್ಣುಮಕ್ಕಳ ಪಾಡೇನು ಎಂದು ಸರ್ಕಾರವೇ ಕೂರಿಸಿ, ಸರ್ಕಾರವೇ ದುಡ್ಡು ಕೊಟ್ಟು ಬರೆಸಿದ ವರದಿ. ಕೋಟಿ ರೂಪಾಯಿಗೂ ಮಿಕ್ಕಿ ಖರ್ಚಾಯಿತು. ಬರೆಸಿದವರೇ ಬೀಗ ಹಾಕಿದರು.

‘ಸಿನಿಮಾದವರ ವಿಷಯ, ಹಾಸ್ಟೆಲಿನವರಿಗೆ ಏನು ಕೆಲಸ?’ ಅನ್ನಬೇಡಿ ಗೆಳೆಯರೇ. ಇದು ಸಿನಿಮಾದ ವಿಷಯಕ್ಕಿಂತ ಹೆಚ್ಚಾಗಿ ಕಡತದ ವಿಷಯ. ಕಡತ ಅಂದರೆ ಏನು ಅಂತ ನಮ್ಮ ಕೇರಿಗಳಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಶಾನುಭೋಗರ ಕಡತದಲ್ಲಿ ಏನು ಬರೆದಿದೆ ಅಂತ ತಿಳಿಯದೆ ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿದರು. ಹೊಲ ಹೋಯಿತು, ಜೀತ ಉಳಿಯಿತು. ಆಗ ಕಡತ ತೆರೆದಿಟ್ಟರೂ ನಮಗೆ ಓದಲು ಬರುತ್ತಿರಲಿಲ್ಲ. ಈಗ ಓದಲು ಬರುತ್ತದೆ, ಕಡತಕ್ಕೆ ಬೀಗ ಬಿದ್ದಿದೆ. ಆದ್ದರಿಂದ ಬೀಗ ಯಾರು ಹಾಕುತ್ತಾರೆ, ಯಾರಿಗಾಗಿ ಹಾಕುತ್ತಾರೆ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನಮ್ಮದು.

ನಡೆದದ್ದು ಇಷ್ಟು. 2017ರ ಫೆಬ್ರವರಿ 17ರ ರಾತ್ರಿ ಕೊಚ್ಚಿಯ ಹತ್ತಿರ ಹೆಸರಾಂತ ನಟಿಯೊಬ್ಬರನ್ನು ಅಪಹರಿಸಿ, ಓಡುವ ಕಾರಿನಲ್ಲಿ ಲೈಂಗಿಕ ಹಲ್ಲೆ ಮಾಡಿ, ಅದನ್ನು ಚಿತ್ರೀಕರಿಸಿದರು. ಆಕೆ ಬಾಯಿ ಮುಚ್ಚಿಕೊಂಡು ಕೂರಲಿಲ್ಲ, ದೂರು ಕೊಟ್ಟರು. ಆಕೆಯ ಬೆನ್ನಿಗೆ ನಿಂತ ಸಿನಿಮಾ ಹೆಣ್ಣುಮಕ್ಕಳು ‘ವಿಮೆನ್ ಇನ್ ಸಿನಿಮಾ ಕಲೆಕ್ಟಿವ್’ ಎಂಬ ಸಂಘಟನೆ ಕಟ್ಟಿದರು. ಒಬ್ಬಳ ಮೇಲೆ ನಡೆದದ್ದು ಒಬ್ಬಳ ಕತೆಯಲ್ಲ, ಇಡೀ ಕಸುಬಿನ ಕತೆ, ತನಿಖೆ ಮಾಡಿ ಎಂದು ಸರ್ಕಾರವನ್ನು ಕೇಳಿದರು. 2017ರ ಜುಲೈನಲ್ಲಿ ಸಮಿತಿ ಆಯಿತು. ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಕೆ. ಹೇಮಾ, ಹಿರಿಯ ನಟಿ ಶಾರದಾ, ನಿವೃತ್ತ ಐ.ಎ.ಎಸ್. ಅಧಿಕಾರಿ ಕೆ.ಬಿ. ವತ್ಸಲಕುಮಾರಿ, ಮೂವರೂ ಹೆಂಗಸರೇ.

ಅವರ ಮುಂದೆ ಹೆಣ್ಣುಮಕ್ಕಳು ಏನು ಹೇಳಿದರು? ಪಾತ್ರ ಬೇಕಾದರೆ ‘ಅಡ್ಜಸ್ಟ್’ ಆಗಬೇಕು, ‘ಕಾಂಪ್ರಮೈಸ್’ ಆಗಬೇಕು. ಈ ಎರಡು ಮಾತು ಕೇಳದೆ ಒಳಗೆ ಬಂದವರು ಕಡಿಮೆ. ರಾತ್ರಿ ಲಾಡ್ಜಿನ ಕೋಣೆಯ ಬಾಗಿಲು ಬಡಿಯುತ್ತಾರೆ. ಬಡಿಯುವುದೆಂದರೆ ಮರ್ಯಾದೆಯಿಂದ ತಟ್ಟುವುದಲ್ಲ, ಬಾಗಿಲು ಮುರಿದು ಬೀಳುತ್ತದೆಯೇನೋ ಅನ್ನುವ ಹಾಗೆ. ಒಪ್ಪಿದವಳಿಗೆ ಒಂದು ಗುಪ್ತ ಹೆಸರು, ಒಪ್ಪದವಳಿಗೆ ಕೆಲಸ ಇಲ್ಲ. ತನ್ನ ಮೇಲೆ ಕೈಮಾಡಿದವನಿಗೇ ಮಾರನೆ ದಿನ ಹೆಂಡತಿಯಾಗಿ ನಟಿಸಿ, ಒಂದು ಅಪ್ಪುಗೆಯ ದೃಶ್ಯಕ್ಕೆ 17 ಸಲ ನಿಲ್ಲಬೇಕಾಯಿತು ಒಬ್ಬ ನಟಿ. ಇಡೀ ಉದ್ಯಮವನ್ನು ಹತ್ತು ಹದಿನೈದು ಗಂಡಸರ ಒಂದು ಕೂಟ ಆಳುತ್ತದೆ ಎಂಬ ಹೇಳಿಕೆಯೂ ವರದಿಯಲ್ಲಿದೆ.

ಪೋಸ್ಟರಿನಲ್ಲಿ ಮುಖ ಬಾರದವರ ಪಾಡು ಇನ್ನೂ ಕೆಳಗಿನದು. ಜೂನಿಯರ್ ಆರ್ಟಿಸ್ಟ್ ಅಂತಾರಲ್ಲ, ಗುಂಪಿನಲ್ಲಿ ನಿಲ್ಲುವವರು, ಸಂತೆಯ ದೃಶ್ಯಕ್ಕೆ, ಮದುವೆಯ ದೃಶ್ಯಕ್ಕೆ ದಿನಗೂಲಿಗೆ ಬರುವವರು. ನಸುಕಿನಲ್ಲಿ ಬಂದವರು ರಾತ್ರಿಯವರೆಗೆ ಬಿಸಿಲಲ್ಲಿ ಕಾಯಬೇಕು. ಕೂಲಿಯಲ್ಲಿ ಏಜೆಂಟನ ಪಾಲು ಹೋಗಿ ಉಳಿದದ್ದು ಕೈಗೆ. ಗುಲಾಮರಿಗಿಂತ ಕಡೆಯಾಗಿ ನೋಡುತ್ತಾರೆ ಎಂದು ವರದಿಯೇ ಬರೆಯಿತು. ಶೂಟಿಂಗ್ ಜಾಗದಲ್ಲಿ ಕಕ್ಕಸ್ಸು ಇಲ್ಲ. ಅದಕ್ಕೇ ಹೆಂಗಸರು ಇಡೀ ದಿನ ನೀರು ಕುಡಿಯುವುದಿಲ್ಲ, ಉರಿಮೂತ್ರದ ರೋಗ ಹತ್ತಿಸಿಕೊಳ್ಳುತ್ತಾರೆ. ನಮ್ಮ ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಓದಿದ ಯಾವ ತಂಗಿಗೂ ಈ ಸಾಲನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತನ್ನೂ ನೆನಪಿಡಿ. ಮಲಯಾಳಂ ಸಿನಿಮಾ ತನ್ನ ಮೊದಲ ನಾಯಕಿಯನ್ನೇ ಓಡಿಸಿದ ಸಿನಿಮಾ. 1930ರ ಸುಮಾರಿಗೆ ತಿರುವನಂತಪುರದಲ್ಲಿ ‘ವಿಗತಕುಮಾರನ್’ ಎಂಬ ಮೂಕಿ ಚಿತ್ರ ತೆರೆಗೆ ಬಂತು. ನಾಯಕಿ ಪಿ.ಕೆ. ರೋಸಿ, ಪುಲಯ ಜಾತಿಯ ಹೆಣ್ಣುಮಗಳು. ಪಾತ್ರ ನಾಯರ್ ಮನೆತನದ ಹೆಣ್ಣಿನದು. ಪುಲಯರವಳು ನಾಯರ್ ಹೆಣ್ಣಾಗಿ ಸೀರೆ ಉಟ್ಟು ನಿಲ್ಲುವುದೇ ಎಂದು ಮೇಲ್ಜಾತಿಯವರು ತೆರೆಗೆ ಕಲ್ಲು ತೂರಿದರು. ಆಕೆಯ ಗುಡಿಸಿಲಿಗೆ ಬೆಂಕಿ ಬಿತ್ತು. ಆಕೆ ತಮಿಳುನಾಡಿಗೆ ಓಡಿಹೋಗಿ, ಯಾರಿಗೂ ಗುರುತು ಸಿಗದ ಹಾಗೆ ಬಾಳು ಸವೆಸಿದಳು. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಕಲ್ಲು ತೂರಿದವರ ಹೆಸರನ್ನು ಚರಿತ್ರೆ ಬರೆದಿಟ್ಟುಕೊಳ್ಳಲಿಲ್ಲ. ದಾಖಲೆ ಇಲ್ಲದ ಕಡೆ ಅಪರಾಧಿಯೂ ಇರುವುದಿಲ್ಲ.

ಈಗ ವರದಿಗೆ ಬರೋಣ. ಬೀಗ ಹಾಕಿದವರು ಕೊಟ್ಟ ಕಾರಣ ಏನು? ಹೆಣ್ಣುಮಕ್ಕಳ ಗುಟ್ಟು ಕಾಪಾಡಬೇಕು. ವರದಿ ಹೊರಗೆ ಹೋಗಬಾರದೆಂದು 2020ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಹೇಮಾ ಅವರೇ ಸರ್ಕಾರಕ್ಕೆ ಬರೆದಿದ್ದರು. ಅವರ ಕಾಳಜಿ ನಮಗೆ ಅರ್ಥವಾಗುತ್ತದೆ. ‘ನಿಮ್ಮ ಹೆಸರು ಹೇಳುವುದಿಲ್ಲ’ ಎಂದು ಮಾತು ಕೊಟ್ಟು ಬಾಯಿಬಿಡಿಸಿದ್ದರು. ಆದರೆ ಆ ಮಾತನ್ನು ಸರ್ಕಾರ ಏನು ಮಾಡಿತು ನೋಡಿ. ಹೆಣ್ಣಿನ ಮೈಮೇಲೆ ಹೊದಿಸಲು ಕೊಟ್ಟ ಕಂಬಳಿಯನ್ನು ತೆಗೆದು ಗಂಡಸಿನ ಮೇಲೆ ಹೊದಿಸಿತು. ಹೆಸರುಗಳನ್ನು ಕತ್ತರಿಸಿ ಉಳಿದದ್ದನ್ನು 2020ರಲ್ಲೇ ಕೊಡಬಹುದಿತ್ತು. ಮಾಹಿತಿ ಹಕ್ಕು ಕಾನೂನಿನ 10ನೆಯ ಕಲಮು ಇರುವುದೇ ಅದಕ್ಕೆ: ಕೊಡಬಾರದ್ದನ್ನು ಬಿಡಿಸಿ ತೆಗೆದು, ಕೊಡಬೇಕಾದ್ದನ್ನು ಕೊಡಿ. ಕಕ್ಕಸ್ಸು ಇಲ್ಲ ಅನ್ನುವುದರಲ್ಲಿ ಯಾವ ಹೆಣ್ಣಿನ ಗುಟ್ಟಿದೆ? ಕೂಲಿ ಕೊಡುವುದಿಲ್ಲ ಅನ್ನುವುದರಲ್ಲಿ ಯಾರ ಮಾನ ಹೋಗುತ್ತದೆ?

ಕೊನೆಗೂ ಬಾಗಿಲು ತೆರೆದದ್ದು ಸರ್ಕಾರಕ್ಕೆ ಮನಸ್ಸು ಬಂದು ಅಲ್ಲ. ಪತ್ರಕರ್ತರೂ ಹೆಣ್ಣುಮಕ್ಕಳೂ ಪಟ್ಟು ಬಿಡದೆ ಕೇಳಿದರು. 2024ರ ಜುಲೈನಲ್ಲಿ ರಾಜ್ಯ ಮಾಹಿತಿ ಆಯೋಗ ಆದೇಶ ಕೊಟ್ಟಿತು. ಒಬ್ಬ ನಿರ್ಮಾಪಕ ತಡೆಯಲು ಹೈಕೋರ್ಟಿಗೆ ಓಡಿದ. ಕೋರ್ಟು ಒಪ್ಪಲಿಲ್ಲ. 290ಕ್ಕೂ ಹೆಚ್ಚು ಪುಟದ ವರದಿಯಲ್ಲಿ ಹೊರಗೆ ಬಂದದ್ದು 233 ಪುಟ. ಆಯೋಗ ಹೇಳಿದ್ದಕ್ಕಿಂತಲೂ ಹೆಚ್ಚು ಪುಟ ಕಿತ್ತಿದ್ದಾರೆ ಎಂಬ ದೂರು ಕೂಡಲೇ ಎದ್ದಿತು. ಆದರೂ ಅಷ್ಟೇ ಪುಟ ಸಾಕಾಯಿತು. ಒಂದೇ ವಾರದೊಳಗೆ ವಿಶೇಷ ತನಿಖಾ ದಳ ರಚನೆಯಾಯಿತು. ಆಗಸ್ಟ್ 27ರಂದು ನಟರ ಸಂಘ ‘ಅಮ್ಮ’ದ ಅಧ್ಯಕ್ಷ ಮೋಹನ್‌ಲಾಲ್ ಮತ್ತು ಇಡೀ ಕಾರ್ಯಕಾರಿ ಸಮಿತಿ ರಾಜೀನಾಮೆ ಕೊಟ್ಟಿತು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಹೈಕೋರ್ಟು ಸರ್ಕಾರವನ್ನು ಕೇಳಿತು. ಕತ್ತರಿಸಿದ, ಹರಿದ, ಮಸಿ ಬಳಿದ ಕಾಗದಕ್ಕೇ ಇಷ್ಟು ಶಕ್ತಿ ಇದೆ ಅಂದಮೇಲೆ ಅದನ್ನು ಮುಚ್ಚಿಡಲು ಅವರು ಯಾಕೆ ಅಷ್ಟು ಪಾಡುಪಟ್ಟರು ಅಂತ ಬೇರೆ ಹೇಳಬೇಕೇ?

ಇದರ ಪಕ್ಕದಲ್ಲಿ ಇನ್ನೊಂದು ದಾಖಲೆಯನ್ನು ಇಟ್ಟು ನೋಡಿ. ಆ ನಟಿಯ ಮೇಲಿನ ಹಲ್ಲೆಯ ದೃಶ್ಯವಿದ್ದ ಮೆಮೊರಿ ಕಾರ್ಡು ನ್ಯಾಯಾಲಯದ ವಶದಲ್ಲಿತ್ತು. ಅಲ್ಲಿಗಿಂತ ಭದ್ರವಾದ ಜಾಗ ಯಾವುದಿದೆ ಹೇಳಿ? ಆದರೆ 2018ರ ಜನವರಿ 9, 2018ರ ಡಿಸೆಂಬರ್ 13, 2021ರ ಜುಲೈ 19, ಈ ಮೂರು ದಿನ ಆ ಕಾರ್ಡನ್ನು ಯಾರೋ ತೆರೆದಿದ್ದಾರೆಂದು ವಿಧಿವಿಜ್ಞಾನ ಪ್ರಯೋಗಾಲಯ ಪತ್ತೆಹಚ್ಚಿತು. 2023ರ ಡಿಸೆಂಬರಿನಲ್ಲಿ ಹೈಕೋರ್ಟು ಅದರ ವಿಚಾರಣೆಗೆ ಆದೇಶ ಮಾಡಬೇಕಾಯಿತು. ಗಂಡಸರ ದೌಲತ್ತಿನ ಕತೆ ಇದ್ದ ಬೀರುವಿನ ಬೀಗ ನಾಲ್ಕು ವರ್ಷ ಅಲುಗಾಡಲಿಲ್ಲ. ಹೆಣ್ಣಿನ ನೋವಿದ್ದ ಕಾರ್ಡಿನ ಬೀಗ ಕೋರ್ಟಿನೊಳಗೇ ಮೂರು ಸಲ ತೆರೆಯಿತು. ಈ ವ್ಯವಸ್ಥೆಗೆ ಗುಟ್ಟು ಕಾಪಾಡಲು ಬರುವುದಿಲ್ಲ ಅಂತ ಯಾರು ಹೇಳಿದರು? ಚೆನ್ನಾಗಿ ಬರುತ್ತದೆ. ಯಾರ ಗುಟ್ಟು ಅನ್ನುವುದಷ್ಟೇ ಪ್ರಶ್ನೆ.

ನಮ್ಮ ಹಾಸನದಲ್ಲಿ ಏನಾಯಿತು? 2024ರ ಏಪ್ರಿಲ್ 26ರ ಮತದಾನಕ್ಕೆ ಮುಂಚಿನ ದಿನಗಳಲ್ಲಿ ಪೆನ್‌ಡ್ರೈವುಗಳು ಬೀದಿಗೆ ಬಿದ್ದವು. ಸಂಸದನೊಬ್ಬ ಹೆಣ್ಣುಮಕ್ಕಳ ಮೇಲೆ ಎಸಗಿದ್ದನ್ನು ತಾನೇ ಚಿತ್ರೀಕರಿಸಿ ಇಟ್ಟುಕೊಂಡದ್ದೆಂದು ಹೇಳಲಾದ ವಿಡಿಯೋಗಳವು. ಹಂಚಿದವರು ಆ ಹೆಂಗಸರ ಮುಖ ಮುಚ್ಚಲಿಲ್ಲ. ಓಟಿನ ಲೆಕ್ಕದಲ್ಲಿ ಅವರ ಮುಖಕ್ಕೆ ಬೆಲೆ ಇರಲಿಲ್ಲ. ಊರು ಬಿಟ್ಟವರಿದ್ದಾರೆ, ಬಾಗಿಲು ಹಾಕಿಕೊಂಡು ಕೂತವರಿದ್ದಾರೆ. ಇಷ್ಟಾದರೂ ಮನೆಗೆಲಸದ ಒಬ್ಬ ಹೆಣ್ಣುಮಗಳು ನ್ಯಾಯಾಲಯದ ಕಟಕಟೆ ಹತ್ತಿದಳು. ಆಕೆಯ ಸೀರೆಯೇ ಸಾಕ್ಷಿಯಾಯಿತು. 2025ರ ಆಗಸ್ಟ್ 1ರಂದು ಪ್ರಜ್ವಲ್ ರೇವಣ್ಣ ತಪ್ಪಿತಸ್ಥ ಎಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಹೇಳಿತು, ಮರುದಿನ ಜೀವಾವಧಿ ಶಿಕ್ಷೆ ಕೊಟ್ಟಿತು. ಶಿಕ್ಷೆಗೆ ದಾರಿಯಾದದ್ದು ಹೆಸರು ಮುಚ್ಚಿಟ್ಟು ಕಾಪಾಡಿದ ಒಂದು ಹೆಣ್ಣಿನ ಸಾಕ್ಷಿ. ಬೀದಿಯಲ್ಲಿ ಹಂಚಿದ ವಿಡಿಯೋಗಳು ಕೊಟ್ಟದ್ದು ನೋಡುವವರಿಗೆ ಚಪಲ, ಆ ಹೆಂಗಸರಿಗೆ ಎರಡನೆಯ ಸಲದ ಹಲ್ಲೆ. ಮೊಬೈಲಿಗೆ ಬಂದದ್ದನ್ನು ‘ಮಚ್ಚಾ ನೋಡೋ’ ಅಂತ ಮುಂದಕ್ಕೆ ದೂಡಿದವನು ಯಾವ ಹಾಸ್ಟೆಲಿನವನೇ ಆಗಲಿ, ಯಾವ ಸಂಘಟನೆಯ ಬ್ಯಾಡ್ಜು ಹಾಕಿದವನೇ ಆಗಲಿ, ಅವನು ಹೆಣ್ಣಿನ ಕಡೆಯವನಲ್ಲ.

ಅಮೆರಿಕದಲ್ಲೂ ಇದೇ ಆಟ. ಬಡ ಮನೆಗಳ ಶಾಲಾಬಾಲೆಯರನ್ನು ದುಡ್ಡಿನ ಆಸೆ ತೋರಿಸಿ ಬಲೆಗೆ ಹಾಕಿದ ಎಪ್‌ಸ್ಟೀನ್ ಎಂಬ ಕೋಟ್ಯಧೀಶನಿದ್ದ. ಅವನು 2019ರಲ್ಲಿ ಜೈಲಿನಲ್ಲೇ ಸತ್ತ. ಅವನ ಕಡತಗಳನ್ನೆಲ್ಲ ಬಿಚ್ಚಬೇಕೆಂದು 2025ರ ನವೆಂಬರಿನಲ್ಲಿ ಅಲ್ಲಿನ ಕೆಳಮನೆ 427ಕ್ಕೆ 1 ಮತದಿಂದ ಕಾನೂನು ಒಪ್ಪಿತು. ಡಿಸೆಂಬರಿನಲ್ಲಿ ಮೊದಲ ಕಂತು ಬಂದಾಗ ಪುಟಕ್ಕೆ ಪುಟವೇ ಮಸಿ. 2026ರ ಜನವರಿ 30ರಂದು ಮೂವತ್ತು ಲಕ್ಷಕ್ಕೂ ಹೆಚ್ಚು ಪುಟ ಸುರಿದರು. ಆಗ ನೊಂದ ಹೆಣ್ಣುಮಕ್ಕಳದೇ ಹೆಸರುಗಳು ಮಸಿ ಇಲ್ಲದೆ ಹೊರಗೆ ಬಿದ್ದವು! ಅವರು ಕೂಗಿಕೊಂಡ ಮೇಲೆ ಸಾವಿರಾರು ಕಾಗದ ವಾಪಸು ತೆಗೆದರು. ಮಸಿ ಸಾಲದೆ ಹಾಗಾಯಿತೇ? ಮೊದಲ ಕಂತಿಗೆ ಬೇಕಾದಷ್ಟು ಮಸಿ ಇತ್ತಲ್ಲ!

ನಮ್ಮ ದೇಶದಲ್ಲಿ ದಲಿತ, ಆದಿವಾಸಿ ಹೆಣ್ಣಿಗೆ ಮಸಿ ಎಂದೂ ಸಿಕ್ಕಿಲ್ಲ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಇಬ್ಬರು ಪೊಲೀಸರ ಕೈಗೆ ಸಿಕ್ಕ ಆದಿವಾಸಿ ಹುಡುಗಿಯ ಹೆಸರು ಇಡೀ ದೇಶಕ್ಕೆ ಗೊತ್ತು. ಕಾನೂನು ಓದುವವರು ಇವತ್ತಿಗೂ ಆ ಹೆಸರಿನಿಂದಲೇ ಕೇಸನ್ನು ಕರೆಯುತ್ತಾರೆ. ಆ ಇಬ್ಬರು ಪೊಲೀಸರ ಹೆಸರು ಎಷ್ಟು ಜನಕ್ಕೆ ಗೊತ್ತು? ಸುಪ್ರೀಂ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಅದರ ವಿರುದ್ಧ ಎದ್ದ ಚಳವಳಿಯ ಫಲವಾಗಿ 1983ರಲ್ಲಿ ಕಾನೂನು ತಿದ್ದಿ, ನೊಂದವಳ ಹೆಸರು ಪ್ರಕಟಿಸುವುದೇ ಅಪರಾಧ ಎಂದು ಮಾಡಿದರು. ಇವತ್ತು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಲ್ಲಿ ಅದು ಇದೆ, ಎರಡು ವರ್ಷದವರೆಗೆ ಸಜೆ. ಅಂದರೆ ಹೆಸರು ಮುಚ್ಚುವ ಹಕ್ಕು ಒಬ್ಬ ಆದಿವಾಸಿ ಹುಡುಗಿಯ ನೋವಿನಿಂದ ಹುಟ್ಟಿದ ಹಕ್ಕು. ಅದನ್ನು ಸ್ಟಾರುಗಳೂ ಮಂತ್ರಿಗಳೂ ತಮ್ಮ ಕೊಡೆ ಮಾಡಿಕೊಳ್ಳಲು ನಾವು ಬಿಡಬೇಕೆ?

ಸುಡುವುದೂ ಒಂದು ತರದ ಮಸಿಯೇ. 2020ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಹಾಥರಸ್‌ನ ದಲಿತ ಹುಡುಗಿಯ ಹೆಣವನ್ನು ಮನೆಯವರ ಒಪ್ಪಿಗೆ ಇಲ್ಲದೆ ಪೊಲೀಸರು ಕತ್ತಲಲ್ಲಿ ಸುಟ್ಟರು. ಸತ್ತವಳ ಮೈಯೂ ಒಂದು ದಾಖಲೆ. ಅದನ್ನು ಎರಡನೆಯ ಸಲ ಓದಲು ಯಾರಿಗೂ ಸಿಗದ ಹಾಗೆ ಮಾಡಿದರು.

ಆದ್ದರಿಂದ ಎರಡು ಗುಂಪಿನವರಿಗೆ ನಮ್ಮ ಧಿಕ್ಕಾರ. ಒಂದು, ‘ಹೆಣ್ಣುಮಕ್ಕಳ ಮರ್ಯಾದೆ ಪ್ರಶ್ನೆ’ ಅಂತ ಇಡೀ ಕಡತವನ್ನೇ ನುಂಗುವವರು. ಇನ್ನೊಂದು, ‘ಎಲ್ಲ ಬಿಚ್ಚಿ, ಎಲ್ಲ ಹೆಸರೂ ಹೇಳಿ’ ಅಂತ ಟೀವಿಯಲ್ಲಿ ಕಿರುಚಿ, ಹೆಣ್ಣಿನ ನೋವನ್ನು ಸಂಜೆಯ ಚುರುಮುರಿ ಮಾಡುವವರು. ಇಬ್ಬರಿಗೂ ಆ ಹೆಣ್ಣು ಬೇಕಾಗಿಲ್ಲ. ನಮ್ಮ ಮಾತು ಸರಳ. ಅವಳ ಹೆಸರು ಮುಚ್ಚಿ, ಅವಳಿಗೆ ಮಾಡಿದ್ದನ್ನು ತೆರೆಯಿರಿ. ದೂರು ಯಾವತ್ತು ಬಂತು, ಯಾವ ಅಧಿಕಾರಿಯ ಮೇಜಿನ ಮೇಲೆ ಎಷ್ಟು ದಿನ ಕೊಳೆಯಿತು, ಯಾರ ಫೋನು ಬಂದ ಮೇಲೆ ನಿಂತಿತು, ಇದನ್ನೆಲ್ಲ ತೆರೆಯಿರಿ. ಇದು ಅವಳ ಖಾಸಗಿ ವಿಷಯವಲ್ಲ, ನಿಮ್ಮ ಸರ್ಕಾರಿ ವಿಷಯ.

ಕಾನೂನೇ ಈ ಗೆರೆ ಎಳೆದಿದೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ 2013ರಲ್ಲಿ ಬಂದ ಕಾನೂನಿನ 16ನೆಯ ಕಲಮು ದೂರಿನ ವಿವರ ಬಹಿರಂಗ ಮಾಡಬಾರದು ಅನ್ನುತ್ತದೆ. ಅದರ ಬೆನ್ನಿಗೇ, ಗುರುತು ಹೇಳದೆ ಆಕೆಗೆ ಸಿಕ್ಕ ನ್ಯಾಯದ ಸುದ್ದಿಯನ್ನು ಜನಕ್ಕೆ ತಿಳಿಸಬಹುದು ಅಂತಲೂ ಹೇಳುತ್ತದೆ. ಆದರೆ ಈಚೆಗೆ ಗೆರೆಯನ್ನು ಅಳಿಸುವ ಕೆಲಸ ನಡೆದಿದೆ. ಮಾಹಿತಿ ಹಕ್ಕು ಕಾನೂನಿನ 8(1)(ಜೆ) ಕಲಮಿನಲ್ಲಿ ಮುಂಚೆ, ಖಾಸಗಿ ಮಾಹಿತಿಯಾದರೂ ಸಾರ್ವಜನಿಕ ಹಿತಕ್ಕೆ ಬೇಕಾದರೆ ಕೊಡಬೇಕು ಅಂತ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾನೂನಿನ ಮೂಲಕ ಆ ಮಾತನ್ನು ಕಿತ್ತರು. 2025ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಈಗ ‘ವೈಯಕ್ತಿಕ ಮಾಹಿತಿ’ ಅಂದುಬಿಟ್ಟರೆ ಸಾಕು, ಗುಮಾಸ್ತನೂ ಬಾಗಿಲು ಹಾಕಬಹುದು. ಸಾರ್ವಜನಿಕ ಹಿತದ ಮಾತು 8(2)ರಲ್ಲಿ ಇನ್ನೂ ಉಳಿದಿದೆ. ಅರ್ಜಿ ಬರೆಯುವಾಗ ಅದನ್ನು ಹೆಸರಿಸಿ ಬರೆಯಿರಿ.

ಬಿಚ್ಚಿದರೆ ಎಲ್ಲ ಮುಗಿಯಿತೇ? ಇಲ್ಲ. ಕೇರಳದಲ್ಲೇ ನೋಡಿ. ಸಮಿತಿಯ ಮುಂದೆ ಹೇಳಿದ್ದರ ಆಧಾರದ ಮೇಲೆ ಮೂವತ್ತಕ್ಕೂ ಹೆಚ್ಚು ಪ್ರಕರಣ ದಾಖಲಾದವು. 2025ರ ಹೊತ್ತಿಗೆ ಅವು ಮುಚ್ಚಿಹೋದವು. ಹೇಳಿದ ಹೆಣ್ಣುಮಕ್ಕಳು ಪೊಲೀಸರ ಮುಂದೆ ಮತ್ತೆ ಬರಲು ಸಿದ್ಧರಿಲ್ಲ ಎಂಬುದು ಕಾರಣ. ಇತ್ತ ಆ ನಟಿಯ ಕೇಸಿನಲ್ಲಿ 2025ರ ಡಿಸೆಂಬರ್ 8ರಂದು ತೀರ್ಪು ಬಂತು. ಎಂಟು ವರ್ಷ ಹತ್ತು ತಿಂಗಳು! ಕೃತ್ಯ ಎಸಗಿದ ಆರು ಜನರಿಗೆ 20 ವರ್ಷ ಸಜೆ. ಸಂಚಿನ ಆರೋಪ ಹೊತ್ತಿದ್ದ ನಟ ದಿಲೀಪ್ ಖುಲಾಸೆ. ಹೆಸರೂ ದುಡ್ಡೂ ಬೆಂಬಲವೂ ಇದ್ದ ನಟಿಯೇ ಇಷ್ಟು ವರ್ಷ ಕೋರ್ಟಿನ ಮೆಟ್ಟಿಲು ಸವೆಸಬೇಕಾದರೆ, ದಿನಗೂಲಿಯ ಜೂನಿಯರ್ ಆರ್ಟಿಸ್ಟು ಯಾವ ಧೈರ್ಯದ ಮೇಲೆ ಠಾಣೆಗೆ ಹೋಗುತ್ತಾಳೆ? ನಾಳೆ ಬೆಳಿಗ್ಗೆ ಅವಳಿಗೆ ಕೆಲಸ ಕೊಡುವವನು ಯಾರು? ‘ಅವಳೇ ಬರಲಿಲ್ಲ’ ಅಂತ ಕಡತ ಮುಚ್ಚುವುದು ಸುಲಭ. ಬರುವ ದಾರಿಯಲ್ಲಿ ನಾಲ್ಕೂವರೆ ವರ್ಷ ಮುಳ್ಳು ಹಾಕಿ ಕೂತವರು ಯಾರು ಅಂತಲೂ ಆ ಕಡತದಲ್ಲಿ ಬರೆಯಬೇಕು.

ಕನ್ನಡ ಸಿನಿಮಾಕ್ಕೂ ಇಂಥದೇ ಸಮಿತಿ ಬೇಕೆಂದು 2024ರ ಸೆಪ್ಟೆಂಬರಿನಲ್ಲಿ ‘ಫೈರ್’ ಸಂಘಟನೆಯವರು ನೂರೈವತ್ತಕ್ಕೂ ಹೆಚ್ಚು ಜನರ ಸಹಿ ಹಾಕಿಸಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಮನವಿ ಕೊಟ್ಟರು. ನಾವು ಅದರ ಜೊತೆಗಿದ್ದೇವೆ. ಆದರೆ ಬರಿಯ ಸಮಿತಿ ಸಾಲದು. ಹೇಮಾ ಸಮಿತಿಯನ್ನು 1952ರ ವಿಚಾರಣಾ ಆಯೋಗ ಕಾನೂನಿನ ಕೆಳಗೆ ರಚಿಸಿರಲಿಲ್ಲ. ಆ ಕಾನೂನಿನ ಕೆಳಗೆ ರಚಿಸಿದ ಆಯೋಗಕ್ಕೆ ಸಾಕ್ಷಿಗಳನ್ನು ಕರೆಸುವ ಅಧಿಕಾರ ಇರುತ್ತದೆ. ವರದಿ ಕೊಟ್ಟ ಆರು ತಿಂಗಳೊಳಗೆ ಕೈಗೊಂಡ ಕ್ರಮದ ವಿವರದ ಜೊತೆ ಅದನ್ನು ಶಾಸನಸಭೆಯ ಮುಂದೆ ಇಡಬೇಕು. ಹಾಗಾಗಿ ಯಾವ ರಾಜ್ಯದಲ್ಲೇ ಆಗಲಿ ಸಮಿತಿ ಕೂರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಅಧ್ಯಕ್ಷರು ಯಾರು ಅಂತ ಅಲ್ಲ, ಯಾವ ಕಾನೂನಿನ ಕೆಳಗೆ? ವರದಿ ಹೊರಗೆ ಬರುವ ತಾರೀಕು ಯಾವುದು? ತಾರೀಕು ಇಲ್ಲದ ಸಮಿತಿ ಅಂದರೆ ಬೀರುವಿಗೆ ಹೊಸ ಬೀಗ ಅಷ್ಟೆ.

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ, ದೂರದ ಬೀರುವಿನ ಮಾತು ಇಷ್ಟಾಯಿತು. ನಮ್ಮ ಕಾಲೇಜಿನ ಬೀರುವನ್ನೂ ಒಂದು ಸಲ ತಟ್ಟೋಣ. 2015ರ ಯು.ಜಿ.ಸಿ. ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ವಿದ್ಯಾರ್ಥಿಗಳ ವಿಷಯ ಬಂದಾಗ ಅದರಲ್ಲಿ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳೂ ಕೂರಬೇಕು. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ನಾಲ್ಕು ಪ್ರಶ್ನೆ ಬರೆಯಿರಿ. ಸಮಿತಿ ಇದೆಯೇ? ಅದರಲ್ಲಿ ಯಾರಿದ್ದಾರೆ? ಕಳೆದ ಮೂರು ವರ್ಷದಲ್ಲಿ ಎಷ್ಟು ದೂರು ಬಂತು? ಎಷ್ಟು ತೀರ್ಮಾನ ಆಯಿತು? ಯಾವ ಹುಡುಗಿಯ ಹೆಸರನ್ನೂ ಕೇಳಬೇಡಿ. ಅವರಾಗಿ ಕೊಡಲು ಬಂದರೂ ಬೇಡ ಎನ್ನಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ ಹಾಕಿ. ‘ದೂರು ಸೊನ್ನೆ’ ಎಂಬ ಉತ್ತರ ಬಂದರೆ ಖುಷಿಪಡಬೇಡಿ. ದೂರು ಕೊಡಲು ಹೆದರುವ ಜಾಗ ಅದು ಅಂತ ತಿಳಿಯಿರಿ. ಅಲ್ಲಿಂದ ನಮ್ಮ ಕೆಲಸ ಶುರು.

ಬರೆದ ಅರ್ಜಿಯ ಒಂದು ನಕಲನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಬರಬೇಡಿ. ನಾಳೆ ‘ಅಂಥ ಅರ್ಜಿಯೇ ಬಂದಿಲ್ಲ’ ಅಂದಾರು. ನಮ್ಮ ತಾತಂದಿರು ಕಾಗದ ಓದಲಾರದೆ ಸೋತರು, ನಾವು ಕಾಗದ ಕಳಕೊಂಡು ಸೋಲುವುದು ಬೇಡ.